ಕಂಡಕ್ಟರ್ ಕೊಟ್ಟ ಸೀಟಿ

ಸೀಟಿ ಕೇಳಿಸಿದಾಗ ಟೈಲ್ಸಿನವನು ಕೊನೆಯ ಬೆಟ್ಟದ ಇಳಿಜಾರಿಗೆ ಕಾಲಿಟ್ಟಿದ್ದ. ಬೆಳಕು ಹರಿಯುವ ಮೊದಲೇ ಶುರುವಾದ ಓಟ. ಎರಡು ಬೆಟ್ಟ ಹತ್ತಿ ಇಳಿದು ಇದು ಮೂರನೆಯದು. ತಿರುವಿನಲ್ಲಿ, ಕಲ್ಲುಗಳ ನಡುವೆ, ಬಿಳಿ ಮೀಸೆಯ ಮುದುಕನೊಬ್ಬ ಒಂದು ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಎದೆಯ ಮೇಲೆ ಓಟದ ನಂಬರು, ಬಾಯಲ್ಲಿ ಹಳದಿ ಸೀಟಿ. ಬಿದ್ದವರು ಊದಲಿ ಎಂದೇ ಓಟಗಾರರೆಲ್ಲರ ಕೊರಳಿಗೂ ಬೆಳಿಗ್ಗೆ ಅಂಥದ್ದೊಂದನ್ನು ಹಾಕಿ ಕಳಿಸಿದ್ದರು. ಕೇಳಿಸಿಕೊಂಡವರು ನಿಲ್ಲಬೇಕು. ಬೆಟ್ಟದ ಓಟದಲ್ಲಿ ಮಿಕ್ಕದ್ದೇನು ಮರೆತರೂ ಇದನ್ನು ಮರೆಯುವಂತಿಲ್ಲ.

"ತಮ್ಮಾ, ಕಾಲು ಹೋಯ್ತು ಕಣಪ್ಪಾ!" ಎಂದ ಮುದುಕ.

ಟೈಲ್ಸಿನವನು ಕೈ ಎತ್ತಿದ. ಏನು ಹೇಳಲು ಎತ್ತಿದನೋ ಅವನಿಗೇ ಗೊತ್ತಿಲ್ಲ. ಎತ್ತಿದ ಕೈ ಇಳಿಯುವಷ್ಟರಲ್ಲಿ ಕಾಲುಗಳು ಅವನನ್ನು ಮುದುಕನಿಂದ ಆಚೆಗೆ ದಾಟಿಸಿಬಿಟ್ಟಿದ್ದವು. ಹಿಂದೆ ದಾರಿಯಲ್ಲಿ ಇನ್ನೊಂದು ನರಪಿಳ್ಳೆ ಇರಲಿಲ್ಲ. ಅದೂ ಅವನಿಗೆ ಗೊತ್ತಿತ್ತು.

ಹೋದ ವರ್ಷ ಇದೇ ಓಟದಲ್ಲಿ, ಕೊನೆಯ ಚೆಕ್‌ಪೋಸ್ಟಿಗೆ ತಡವಾಗಿ ಬಂದನೆಂದು ಅವನನ್ನು ಜೀಪಿಗೆ ಹತ್ತಿಸಿ ಕೆಳಗಿಳಿಸಿದ್ದರು. ಅಂದಿನಿಂದ ಕೆಲಸದ ಜಾಗದಲ್ಲಿ ಅವನ ಹೆಸರೇ ಜೀಪು. "ಲೋ ಜೀಪು, ಸಿಮೆಂಟ್ ಕಲಸೋ." "ಜೀಪಿಗೊಂದು ಟೀ ಹಾಕ್ರೋ, ಪೆಟ್ರೋಲ್ ಖಾಲಿಯಂತೆ." ಕಂಡವರ ಮನೆಯ ನೆಲಕ್ಕೆ ಮಂಡಿಯೂರಿ ಟೈಲ್ಸ್ ಕೂರಿಸುವವನಿಗೆ ರಜೆಯ ದಿನ ಬೆಟ್ಟ ಓಡುವ ಹುಚ್ಚು ಯಾಕೆ ಎಂದು ಎಲ್ಲರಿಗೂ ನಗು. ವಾರವೆಲ್ಲ ನೆಲ ನೋಡಿದ ಕಣ್ಣಿಗೆ ಒಂದು ದಿನವಾದರೂ ಆಕಾಶ ಬೇಡವೇ? ಹಲ್ಲು ಕಿರಿಯುವವರಿಗೆ ಅದೆಲ್ಲಿ ಗೊತ್ತಾಗಬೇಕು.

ಚೆಕ್‌ಪೋಸ್ಟ್ ಮುಚ್ಚುವ ಹೊತ್ತು ಹತ್ತಿರವಾಗಿತ್ತು. ಅಲ್ಲಿ ಹೇಳಿದರಾಯಿತು, ನಿಂತು ಏನು ಮಾಡಲಿ, ನಾನೇನು ಡಾಕ್ಟರಾ, ಎಂದುಕೊಂಡು ಓಡಿದ. ಬೆನ್ನ ಹಿಂದೆ ಸೀಟಿ ಮತ್ತೆ ಕೂಗಿತು. ಇನ್ನೂ ಜೋರಾಗಿ ಓಡಿದ.

ಚೆಕ್‌ಪೋಸ್ಟಿನ ಹುಡುಗಿ ಅವನನ್ನು ಕಂಡು ಕುಣಿದೇಬಿಟ್ಟಳು. "ಬಂದ್ರಾ ಅಣ್ಣಾ! ಇನ್ನೇನು ಹಗ್ಗ ಕಟ್ಬೇಕು ಅಂತಿದ್ದೆ!" ನೀರು ಕೊಟ್ಟು ಕೇಳಿದಳು, "ಹಿಂದೆ ಇನ್ನೂ ಯಾರಾದ್ರೂ ಇದ್ದಾರಾ?"

ಹೇಳಬೇಕು. ಹೇಳಿದರೆ ಮುಂದಿನ ಮಾತು ಏನು ಬರುತ್ತದೆಂದು ಅವನಿಗೆ ಗೊತ್ತು: ಮತ್ತೆ ನೀವ್ಯಾಕೆ ಬಿಟ್ಟು ಬಂದ್ರಿ? ಆ ನಗುಮುಖ ಕಣ್ಣೆದುರೇ ಗಂಟಿಕ್ಕುವುದನ್ನು ನೋಡುವ ಧೈರ್ಯ ಬರಲಿಲ್ಲ.

"ಯಾರೂ ಕಾಣ್ಲಿಲ್ಲಮ್ಮ," ಎಂದ. ಲೋಟ ಅವಳ ಕೈಗೆ ಕೊಟ್ಟು ಮತ್ತೆ ಓಡಿದ.

ಓಟ ಮುಗಿಯುವ ಮೈದಾನದಲ್ಲಿ ಕೊರಳಿಗೆ ಮೆಡಲ್ ಬಿತ್ತು. ಹೆಂಡತಿ ಆಗಲೇ ಫೋನಿನಲ್ಲಿ ಮೇಸ್ತ್ರಿಯನ್ನು ತರಾಟೆಗೆ ತೆಗೆದುಕೊಂಡಿದ್ದಳು. "ಇನ್ನೊಂದ್ಸಲ ಜೀಪು ಗೀಪು ಅನ್ನಿ ನೋಡೋಣ! ತಮ್ಮ ಕಾಲ್ಮೇಲೆ ತಾವೇ ಬಂದಿದ್ದಾರೆ ನಮ್ಮನೆಯವ್ರು!" ಅವನು ನಗಲು ನೋಡಿದ. ಕಿವಿಯಿಂದ ಸೀಟಿ ಹೋಗಲೊಲ್ಲದು.

ಸಂಜೆ ಜೀಪು ಬಂತು. ದಾರಿಗೆ ಗುರುತು ಕಟ್ಟಿದ ರಿಬ್ಬನ್ ಬಿಚ್ಚಲು ಹೋದವರ ಕಣ್ಣಿಗೆ ಮುದುಕ ಅಕಸ್ಮಾತ್ತಾಗಿ ಬಿದ್ದಿದ್ದ. ಕಾಲಿಗೆ ಎರಡು ಕೋಲು ಕಟ್ಟಿಸಿಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದ. ಪಕ್ಕದಲ್ಲಿ ಚೆಕ್‌ಪೋಸ್ಟಿನ ಹುಡುಗಿ. ಟೈಲ್ಸಿನವನು ಹೆಂಡತಿಯ ಬೆನ್ನ ಹಿಂದೆ ಸರಿಯುವಷ್ಟರಲ್ಲಿ ಮುದುಕನ ಬೆರಳು ಅವನತ್ತ ಚಾಚಿತು.

"ಇವ್ನೇ! ಇವ್ನೇ ಕಣಮ್ಮಾ, ನನ್ನ ಜೀವ ಉಳ್ಸಿದ್ದು!"

ಸುತ್ತಲಿನವರೆಲ್ಲ ತಿರುಗಿದರು.

"ಬಸ್ ಕಂಡಕ್ಟರಾಗಿ ಜೀವಮಾನವೆಲ್ಲ ಸೀಟಿ ಊದಿದ್ದೀನಿ ಸ್ವಾಮಿ. ನಾನು ಊದಿದ ತಕ್ಷಣ ಯಾವ ಡ್ರೈವರೂ ಇಷ್ಟು ಜೋರಾಗಿ ಗಾಡಿ ಎತ್ತಿಲ್ಲ! ಕೈ ಎತ್ತಿ 'ಇರಿ' ಅಂದ, ಕೆಳಗೆ ಸುದ್ದಿ ಮುಟ್ಸೋಕೆ ಒಂದೇ ಓಟ. ಮತ್ತೆ ಊದಿದೆ, ಇನ್ನೂ ಜೋರಾಗಿ ಓಡ್ದ! ಹೆತ್ತ ಮಗನೂ ಹಂಗೆ ಓಡಲ್ಲ."

ಚಪ್ಪಾಳೆ ಬಿತ್ತು. ಹೆಂಡತಿ ಎಲ್ಲರಿಗಿಂತ ಜೋರಾಗಿ ತಟ್ಟಿದಳು. ಚೆಕ್‌ಪೋಸ್ಟಿನ ಹುಡುಗಿ ತಟ್ಟಲಿಲ್ಲ, ಅವನನ್ನೇ ನೋಡುತ್ತಿದ್ದಳು. ನಾಲ್ಕು ಜನರ ಮುಂದೆ ಉಗಿದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ಮುದುಕನ ಅರಳಿದ ಮುಖವನ್ನೊಮ್ಮೆ ನೋಡಿ, ಬಾಯಿಗೆ ಬಂದದ್ದನ್ನು ನುಂಗಿಕೊಂಡು ಮುಖ ತಿರುಗಿಸಿದಳು. ಇಷ್ಟು ವರ್ಷ ನೆಲಕ್ಕೆ ಸಂದಿಯಿಲ್ಲದಂತೆ ಟೈಲ್ಸ್ ಕೂರಿಸಿದವನಿಗೆ, ಇಂದು ಅದೇ ನೆಲದಲ್ಲಿ ಒಂದು ಬಿರುಕು ಸಿಕ್ಕರೆ ಸಾಕಾಗಿತ್ತು.

"ಅಲ್ಲ ಯಜಮಾನ್ರೇ, ನಾನು..." ಎಂದು ಬಾಯಿ ತೆರೆದ.

"ಏ, ಸುಮ್ನಿರಪ್ಪ. ಒಳ್ಳೇವ್ರು ಹಿಂಗೇ, ಮಾಡಿದ್ದನ್ನ ಹೇಳ್ಕೊಳ್ಳಲ್ಲ." ಮುದುಕ ತನ್ನ ಕೊರಳಿನ ಸೀಟಿ ತೆಗೆದು, ಅವನನ್ನು ಬಗ್ಗಿಸಿ, ಮೆಡಲಿನ ಮೇಲೆಯೇ ಹಾಕಿದ. "ಅದು ಅವ್ರು ಕೊಟ್ಟಿದ್ದು. ಇದು ನಂದು."

ಹೆಂಡತಿಯ ಕಣ್ಣಲ್ಲಿ ನೀರಿತ್ತು. "ಊದಿ ನೋಡೋಣ ರೀ, ಹೆಂಗೆ ಕೇಳ್ಸುತ್ತೆ ಅಂತ."

ಅವನು ಸೀಟಿಯನ್ನು ತುಟಿಯ ತನಕ ಎತ್ತಿದ. ಹಳದಿ ಪ್ಲಾಸ್ಟಿಕ್ಕಿನ ಮೇಲೊಂದು ಸಾಲು, ಕೆಳಗೊಂದು ಸಾಲು, ನೋವಿಗೆ ಕಚ್ಚಿ ಹಿಡಿದ ಹಲ್ಲಿನ ಗುರುತು ಆಳವಾಗಿ ಇಳಿದಿತ್ತು.