ಗಿಡ್ಡಮ್ಮನ ಹಿತ್ತಲ ಒಲೆ

“ಗಿಡ್ಡಮ್ಮ, ಖರೇ ಹೇಳು. ಈ ಒಲಿ ನೀನ ಮಾಡಿಟ್ಟೀ, ಹೌದಲ್ಲ?”

ನಕ್ಷೆ ಬರೆಯುವ ಚಂದ್ರಣ್ಣ ಅಳತೆ ಪಟ್ಟಿ ಕೆಳಗಿಟ್ಟು ಕೇಳಿದ. ಅವನ ಅನುಮಾನಕ್ಕೆ ಕಾರಣವಿತ್ತು. ಅರವತ್ತೇಳನೇ ಇಸವಿಯ ಮಾತು. ಕುರುಗೋಡಿನ ಆಚೆಯ ಆ ಗುಡ್ಡವನ್ನು ಕಲ್ಲಿಗಾಗಿ ಸಿಡಿಸಲು ಗುತ್ತಿಗೆದಾರನೊಬ್ಬ ತುದಿಗಾಲಲ್ಲಿ ನಿಂತಿದ್ದ. ಬುಡದ ಗುಡಿಸಲುಗಳವರಿಗೆ ಯುಗಾದಿಯೊಳಗೆ ಜಾಗ ಖಾಲಿ ಮಾಡಿ ಎಂದಿದ್ದ. ಅಷ್ಟರಲ್ಲಿ ಉತ್ಖನನದವರು ಬಂದರು. ಹಳೆಯ ಕಾಲದ್ದು ಸಿಕ್ಕರೆ ಗುಡ್ಡ ಸಿಡಿಸಲು ಬಿಡುವುದಿಲ್ಲ ಎಂದು ಅವರ ಅಧಿಕಾರಿ ಚಿದಾನಂದಪ್ಪ, ಅಗೆಯಲು ಬಂದ ಗುಡಿಸಲುಗಳ ಕೂಲಿಯವರೆದುರು ಅಂದುಬಿಟ್ಟರು.

ಮರುದಿನದಿಂದ ನೋಡಿ, ಎಲ್ಲಿ ಅಗೆದರೂ ಒಲೆ! ನೆತ್ತಿಯಲ್ಲಿ ಒಲೆ, ಇಳಿಜಾರಿನಲ್ಲಿ ಒಲೆ. ಕೊನೆಗೆ ಗುಡಿಸಲುಗಳನ್ನೆಲ್ಲ ದಾಟಿ, ತುದಿಯ ಗಿಡ್ಡಮ್ಮನ ಹಿತ್ತಲಲ್ಲೂ ಒಲೆ. ಚಂದ್ರಣ್ಣನ ನಕ್ಷೆಗೆ ಇನ್ನೊಂದು ಹಾಳೆ ಅಂಟಿಸಬೇಕಾಯಿತು. ಹಿತ್ತಲದ್ದನ್ನು ಕೈಹಿಡಿದು ಕರೆತಂದು ತೋರಿಸಿದವಳೂ ಗಿಡ್ಡಮ್ಮನೇ. ಅನುಮಾನ ಬರದೆ ಇರುತ್ತದೆಯೇ?

“ನನ್ನ ಮಕ್ಕಳಾಣಿಗೂ ಇಲ್ರಿ ಸ್ವಾಮಿ!” ಗಿಡ್ಡಮ್ಮ ಬುಟ್ಟಿ ಇಳಿಸಿದಳು. “ಹ್ವಾದ ಮಳಿಗೆ ಹಿತ್ತಲ ದಂಡಿ ಮಣ್ಣು ಕೊಚ್ಚಿಹೋಗಿ ಬೂದಿ ಕಂಡ್ತು. ನಾ ಮುಟ್ಟೂ ಇಲ್ಲ. ಸುಳ್ಳು ಅಂತ ಬರದ್ರ ನಮ್ಮ ಮನಿ ಹೋಗ್ತಾವ್ರಿ. ಸರಿಯಾಗಿ ನೋಡ್ರಿ.”

ಚಿದಾನಂದಪ್ಪನವರು ಯಾರ ಆಣೆಯನ್ನೂ ನಂಬುವವರಲ್ಲ. ತಾವೇ ಮೊಣಕಾಲೂರಿ ಬ್ರಷ್ ಹಿಡಿದರು. ಬೂದಿಯ ಮೇಲಿನ ಗಟ್ಟಿ ಮಣ್ಣಿನ ಪದರ ಎಲ್ಲಿಯೂ ಒಡೆದಿರಲಿಲ್ಲ. ಮೂರು ಒಲೆಗುಂಡುಗಳ ನಡುವಿನ ನೆಲ ಸುಟ್ಟು ಇಟ್ಟಿಗೆಯಂತೆ ಕೆಂಪಾಗಿತ್ತು. ಪಕ್ಕದಲ್ಲಿ, ಕುಂಬಾರನ ತಿಗರಿಯಿಲ್ಲದೆ ಕೈಯಲ್ಲೇ ತಟ್ಟಿದ ಗಡಿಗೆಯ ಚೂರು. ಇಂಥದ್ದನ್ನು ಯಾವ ಗಿಡ್ಡಮ್ಮನೂ ಮಾಡಿಡಲಾರಳು.

“ಅಳತಿ ತೊಗೋ ಚಂದ್ರಣ್ಣ. ನಾಕು ಸಾವಿರ ವರ್ಷದ ಒಲಿ ಇದು!”

ಚಂದ್ರಣ್ಣನ ಮುಖ ಸಣ್ಣದಾಯಿತು. ಗಿಡ್ಡಮ್ಮನಿಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. ಸಾಹೇಬರಿಗೂ ಖುಷಿಯೋ ಖುಷಿ.

“ಹೆದರಬ್ಯಾಡವ್ವ. ಇನ್ಮ್ಯಾಲ ಈ ಗುಡ್ಡದ ಒಂದು ಕಲ್ಲೂ ಯಾರೂ ಮುಟ್ಟಂಗಿಲ್ಲ,” ಎಂದು ಮಾತು ಕೊಟ್ಟರು. ನಕ್ಷೆ, ಫೋಟೋ ಎಲ್ಲ ಮೇಲಿನವರಿಗೆ ಹೋದವು.

ಕೊಟ್ಟ ಮಾತು ಉಳಿಯಿತು. ಗುತ್ತಿಗೆದಾರ ಬಾಯಿಗೆ ಬಂದಂತೆ ಬೈಯುತ್ತಾ ಲಾರಿಗಳನ್ನು ಸಿರುಗುಪ್ಪದ ಕಡೆ ತಿರುಗಿಸಿಕೊಂಡು ಹೋದ. ಗುಡಿಸಲುಗಳಲ್ಲಿ ಅಂದು ಹೋಳಿಗೆ. ಬಳ್ಳಾರಿಯಿಂದ ಚಿದಾನಂದಪ್ಪನವರ ಜೀಪು ಬಂದಾಗ ಗಿಡ್ಡಮ್ಮ ಓಡಿ ಹೋಗಿ ಕರೆತಂದು, ಕೂರಿಸಿ, ಬಡಿಸಿದಳು. ಅವರು ಕೈ ಹಾಕಲಿಲ್ಲ.

“ಯಾಕ್ರಿ ಸಾಹೇಬ್ರ, ಸಿಹಿ ಸೇರಂಗಿಲ್ಲೇನು?”

“ಗುಡ್ಡಕ್ಕ ಬೇಲಿ ಹಾಕ್ತಾರವ್ವ.” ಅವರು ತಲೆಯೆತ್ತಲಿಲ್ಲ. “ಎಲ್ಲೀತನಕ ಒಲಿ ಸಿಕ್ಕಾವೋ ಅಲ್ಲೀತನಕ. ಒಳಗ ಯಾರೂ ಇರಂಗಿಲ್ಲ, ಬೆಂಕಿ ಹಚ್ಚಂಗಿಲ್ಲ. ಕೊನೀ ಒಲಿ ನಿನ್ನ ಹಿತ್ತಲದಾಗ ಸಿಕ್ಕೈತಿ… ಗುಡಿಸಲ ಎಲ್ಲಾ ಬೇಲಿ ಒಳಗ ಬರ್ತಾವು. ಅವನ್ನ ಹೊರಗ ಬಿಡ್ರಿ ಅಂತ ಎಷ್ಟು ಬಡಕೊಂಡೆ. ಯಾರೂ ನನ್ನ ಮಾತು ಕೇಳಲಿಲ್ಲ.”

ಗಿಡ್ಡಮ್ಮ ಗುಡಿಸಲುಗಳ ಸಾಲನ್ನೊಮ್ಮೆ ನೋಡಿದಳು. ಆಮೇಲೆ ಕುಸಿದು ಅವರ ಎರಡೂ ಕಾಲು ಹಿಡಿದಳು.

“ಆ ಒಲಿ ನಾನ ಮಾಡಿಟ್ಟಿದ್ದು ಸಾಹೇಬ್ರ. ಸುಳ್ಳು ಹೇಳಿದ್ದೆ. ನನ್ನ ಪೊಲೀಸ್ರಿಗೆ ಹಿಡಕೊಡ್ರಿ.”