ಕೆಂಪು ಬಿಲ್ಲೆ

ಚರ್ಚಿನ ಮೊದಲ ಸಾಲಿನಲ್ಲಿ ತಮ್ಮ ಮತ್ತೆ ಅಳಲು ಶುರುಮಾಡಿದ. ಮೊಣಕಾಲೂರಿ, ಮುಖ ಮುಚ್ಚಿಕೊಂಡು, ಇಡೀ ಸಭೆಗೆ ಕೇಳಿಸುವಂತೆ. "ಸ್ವಾಮಿ, ನನ್ನ ಅಣ್ಣನ ವಿಷಯದಲ್ಲಿ ನಾನು ಪಾಪಿ. ನನ್ನನ್ನ ಕ್ಷಮಿಸು."

ಐದನೆಯ ಸಾಲಿನಲ್ಲಿ ಕೂತಿದ್ದ ಅಣ್ಣ ಹಲ್ಲು ಕಡಿದ. ಹನ್ನೊಂದು ವರ್ಷದಿಂದ ಪ್ರತಿ ಭಾನುವಾರ ಇದೇ ಗೋಳು. ಬೆರಳು ಹೋದದ್ದು ತನ್ನದು. ಇವನು ಕ್ಷಮೆ ಕೇಳುವುದು ಮಾತ್ರ ದೇವರ ಹತ್ತಿರ! ನಾಲ್ಕು ಸಾಲು ಹಿಂದೆ ತಿರುಗಿ ನೋಡಲು ಕತ್ತಿಗೇನು ರೋಗ?

ಸಿಟ್ಟಿನಲ್ಲೇ ಹಾಡಿನ ಪುಸ್ತಕ ತೆರೆದ. ಅಕ್ಷರ ಕಾಣಲಿಲ್ಲ. "ನನ್ನ ಕನ್ನಡಕ ಎಲ್ಲಿಟ್ಟೆ?" ಎಂದು ಹೆಂಡತಿಯ ಮೇಲೆ ಸಿಡುಕಿದ. ಅವಳು ಅವನ ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿದಳು. "ಮೊದಲೇ ಹೇಳೋಕೇನಾಗಿತ್ತು?" ಎಂದು ಅದಕ್ಕೂ ಗೊಣಗಿದ.

ಅಪ್ಪ ಕಟ್ಟಿದ ಬೇಕರಿ ಅವರದು. ಹಿಟ್ಟು ಕಲಸುವ ಯಂತ್ರ ಒಂದು ಕೋಣೆಯಲ್ಲಿ, ಅದರ ಸ್ವಿಚ್ಚು ಗೋಡೆಯಾಚೆ. ಅಲ್ಲಿ ನಿಂತವನಿಗೆ ಇಲ್ಲಿ ಕೈ ಹಾಕಿದವನು ಕಾಣುವುದಿಲ್ಲ. ಅದಕ್ಕೇ ಅಪ್ಪ ಮರದ ಎರಡು ಬಿಲ್ಲೆ ಕೆತ್ತಿ ಕೆಂಪು ಬಣ್ಣ ಬಳಿದಿದ್ದ. ಒಂದು ಗೀರಿನದು ಅಣ್ಣನದು, ಎರಡು ಗೀರಿನದು ತಮ್ಮನದು. ಯಂತ್ರದೊಳಗೆ ಕೈ ಹಾಕುವ ಮುಂಚೆ ನಿನ್ನ ಬಿಲ್ಲೆಯನ್ನು ಸ್ವಿಚ್ಚಿಗೆ ನೇತುಹಾಕಬೇಕು. ಹಾಕಿದವನೇ ತೆಗೆಯಬೇಕು. ಬಿಲ್ಲೆ ಇರುವತನಕ ಇನ್ನೊಬ್ಬ ಸ್ವಿಚ್ಚು ಮುಟ್ಟುವಂತಿಲ್ಲ.

ಅಂದು ಅಣ್ಣ ಯಂತ್ರಕ್ಕೆ ಅಂಟಿದ ಹಿಟ್ಟು ಕೆರೆಯುತ್ತಿದ್ದ. ಗೋಡೆಯಾಚೆ ತಮ್ಮ ಸ್ವಿಚ್ಚು ಹಾಕಿದ, ಯಂತ್ರ ತಿರುಗಿಬಿಟ್ಟಿತು. ಚೀರಾಟ ಕೇಳಿ ತಮ್ಮ ಓಡಿಬಂದು, ಅಣ್ಣನ ಏಪ್ರನ್ ಬಿಚ್ಚಿ ಕೈಗೆ ಸುತ್ತಿ, ಆಸ್ಪತ್ರೆಗೆ ಹೊತ್ತೊಯ್ದ. ಎರಡು ಬೆರಳು ಉಳಿಯಲಿಲ್ಲ. ಬಿಲ್ಲೆಯೂ ಸಿಗಲಿಲ್ಲ. ಕಿತ್ತು ಒಲೆಗೆ ಹಾಕಿ ಸಾಕ್ಷಿ ಸುಟ್ಟಿದ್ದಾನೆ ಎಂದು ಅಣ್ಣ ಎಲ್ಲರೆದುರು ಕೂಗಾಡಿದ. ತಮ್ಮ ಬಾಯಿ ಬಿಡಲಿಲ್ಲ. ತಪ್ಪಿಲ್ಲದವನು ಸುಮ್ಮನಿರುತ್ತಾನೆಯೇ? ಬೇಕರಿಯಿಂದ ಹೊರಗೆ ಹಾಕಿದ್ದಾಯಿತು. ಅಪ್ಪನ ಶವದ ಹತ್ತಿರವೂ ಬರಗೊಡಲಿಲ್ಲ.

ಹಾಗಂತ ಅಣ್ಣನೇನು ಕಲ್ಲಲ್ಲ. "ತಪ್ಪಾಯ್ತು, ಅಣ್ಣ." ಇಷ್ಟೇ ಇಷ್ಟು ಮಾತು ಸಾಕಿತ್ತು. ಕೈ ಹಿಡಿದು ಬೇಕರಿಗೆ ಕರೆದುಕೊಂಡು ಹೋಗುತ್ತಿದ್ದ. ಅದಕ್ಕಾಗಿಯೇ ಹನ್ನೊಂದು ವರ್ಷ ಕಾದಿದ್ದ, ಕಾದೂ ಕಾದೂ ಹುಳಿಯಾಗಿದ್ದ.

ಪಾದ್ರಿ ಬೋಧನೆಗೆ ನಿಂತರು. "ಪಶ್ಚಾತ್ತಾಪ ಅಂದ್ರೆ ಬರೀ ಕಣ್ಣೀರಲ್ಲ. ತಪ್ಪು ದಾರೀಲಿ ಹೊರಟವನು ತಿರುಗಿ ನಿಲ್ಲೋದು. ಯಾರನ್ನ ನೋಯಿಸಿದ್ರೋ ಅವರ ಬಾಗಿಲು ತಟ್ಟೋದು."

"ಆಮೆನ್!" ಎಂದು ಅಣ್ಣ ತಮ್ಮನ ಬೆನ್ನಿಗೆ ತಾಗುವಂತೆ ಹೇಳಿದ. ಅಕ್ಕಪಕ್ಕದವರು ತಿರುಗಿ ನೋಡಿದರು. ತಮ್ಮ ಮಾತ್ರ ನೋಡಲಿಲ್ಲ.

ಕೊನೆಯಲ್ಲಿ ಪಾದ್ರಿ ಒಂದು ಸುದ್ದಿ ಹೇಳಿದರು. ತಮ್ಮನಿಗೆ ದೂರದ ಊರಿನ ಬೇಕರಿಯೊಂದರಲ್ಲಿ ಕೆಲಸ ಸಿಕ್ಕಿದೆ. ಮಂಗಳವಾರ ಸಂಸಾರ ಸಮೇತ ಹೊರಡುತ್ತಾನೆ. ಇನ್ನು ಬರುವುದಿಲ್ಲ.

ಅಣ್ಣ ಧಡಕ್ಕನೆ ಎದ್ದ. ಜನರನ್ನು ತಳ್ಳಿಕೊಂಡು ಹೊರಗೆ ಬಂದು, ಗೇಟಿನ ಹತ್ತಿರ ತಮ್ಮನ ದಾರಿಗೆ ಅಡ್ಡ ನಿಂತ. ಹಿಂದೆಯೇ ಹೆಂಡತಿ ಬಂದಳು.

"ಹೋಗೋ ಮುಂಚೆ ನನ್ನ ಮುಖ ನೋಡಿ ಹೇಳ್ತೀಯೋ ಇಲ್ವೋ?"

"ಏನು ಹೇಳ್ಲಿ, ಅಣ್ಣ?"

"ಒಳಗೆ ದೇವರ ಹತ್ರ ಗೋಗರೀತಿದ್ಯಲ್ಲ, ಅದನ್ನ!"

"ಬೇಡ. ನೀನು ತಡ್ಕೊಳ್ಳಲ್ಲ."

"ಬೆರಳು ಹೋದದ್ದನ್ನೇ ತಡ್ಕೊಂಡಿದೀನಿ. ಹೇಳೋ!"

ತಮ್ಮ ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದ. ಒಳಗೆ ಕೆಂಪು ಬಿಲ್ಲೆ. ಒಂದೇ ಗೀರು.

"ನೋಡಿದ್ಯಾ!" ಅಣ್ಣ ಹೆಂಡತಿಯ ಕಡೆ ತಿರುಗಿದ. "ಕಿತ್ತು ಬಚ್ಚಿಟ್ಟಿದ್ದ! ನಾನು ಹೇಳಿದ್ದೇ ನಿಜ!"

"ನಿನ್ನ ಏಪ್ರನ್ ಜೇಬಲ್ಲಿತ್ತು," ಎಂದ ತಮ್ಮ ಮೆಲ್ಲಗೆ. "ಕೈಗೆ ಸುತ್ತುವಾಗ ಕೆಳಗೆ ಬಿತ್ತು. ಸ್ವಿಚ್ಚಿನ ಮೇಲೆ ಏನೂ ಇರ್ಲಿಲ್ಲ. ಬೆರಳು ಕಳ್ಕೊಂಡು ಒದ್ದಾಡೋನಿಗೆ 'ತಪ್ಪು ನಿಂದೇ' ಅಂತ ಹೇಗೆ ಹೇಳ್ಲಿ? ಆಮೇಲೆ ಹೇಳೋಣ ಅಂದ್ರೆ ನೀನು ಬಾಗಿಲೇ ತೆಗೀಲಿಲ್ಲ."

ಅಂದು ಬಿಲ್ಲೆ ಜೇಬಿಗೆ ಹಾಕಿಕೊಂಡು ಸ್ವಿಚ್ಚಿನ ಕಡೆ ಹೊರಟದ್ದು ಅಣ್ಣನಿಗೆ ನೆನಪಿತ್ತು. ನೇತುಹಾಕಿದ್ದು ಎಷ್ಟು ತಡಕಿದರೂ ನೆನಪಾಗಲಿಲ್ಲ. ಹೆಂಡತಿಯ ಮುಖ ನೋಡಿದ. ಅವಳು ಅವನ ಕನ್ನಡಕವನ್ನೇ ನೋಡುತ್ತಿದ್ದಳು.

"ಹಾಗಾದ್ರೆ..." ಅಣ್ಣ ತಮ್ಮನ ಕಡೆ ತಿರುಗಿದ. "ಇಷ್ಟು ವರ್ಷ ಯಾವ ಪಾಪಕ್ಕೆ ಅಳ್ತಿದ್ದೆ ನೀನು?"

"ನಿನ್ನನ್ನ ಕ್ಷಮಿಸೋಕೆ ಆಗ್ತಿಲ್ವಲ್ಲ, ಅಣ್ಣ, ಆ ಪಾಪಕ್ಕೆ."