ಅಸಲಿ ಕ್ಯಾಸೆಟ್

ನದಿ ದಂಡೆಯ ಹಾಡು ಶುರುವಾಗಿ ಮುಗಿದರೂ ಟಿವಿಯಲ್ಲಿ ಚಿತ್ರ ಒಮ್ಮೆಯೂ ಅಲುಗಲಿಲ್ಲ. ಚನ್ನವೀರ ಟಿವಿಯ ಹತ್ತಿರಕ್ಕೆ ಸರಿದು ಕೂತ. ಆ ಹಾಡಿನ ನಡುವೆ ನಾಯಕಿಯ ಮುಖ ಸೊಟ್ಟಗಾಗಿ, ಪರದೆ ತುಂಬ ಬಿಳಿ ಗೆರೆ ಓಡಿ, ಮತ್ತೆ ನೆಟ್ಟಗಾಗುವುದು ಅವನ ಕ್ಯಾಸೆಟ್ಟಿನ ಹಳೆಯ ರೋಗ. ಟೇಪು ಅಲ್ಲಿ ಯಾವಾಗಲೋ ಮಡಿಚಿಕೊಂಡಿತ್ತು. ಈಗ ನೋಡಿದರೆ ಅವಳು ನಗುನಗುತ್ತ ಹಾಡಿ ನೀರಿಗಿಳಿದುಬಿಟ್ಟಳು. ಕ್ಯಾಸೆಟ್ ಹೊರಗೆ ತೆಗೆದ. ಮೇಲಿನ ಚೀಟಿ ತನ್ನದೇ, ಅಕ್ಷರ ತನ್ನದೇ. ತಿರುವಿ ನೋಡಿದರೆ ಸ್ಕ್ರೂಗಳ ತಲೆಯ ಮೇಲೆ ಹೊಸ ಗೀರು. ಯಾರೋ ಬಿಚ್ಚಿ ಜೋಡಿಸಿದ್ದಾರೆ.

ಯಾರೋ ಏನು, ಮಸ್ಕಿಯ ಕನಕರಾಜನೇ. ಹಳೆ ಸಿನಿಮಾ, ದೂರದರ್ಶನದ ಹಳೆ ಧಾರಾವಾಹಿ ಎಂದು ಕ್ಯಾಸೆಟ್ ಕೂಡಿಡುವ ಹುಚ್ಚಿನಲ್ಲಿ ಸಿಂಧನೂರಿನ ಬಟ್ಟೆ ವ್ಯಾಪಾರಿ ಚನ್ನವೀರನಿಗೆ ಇದ್ದ ಜೊತೆಗಾರ ಅವನೊಬ್ಬನೇ. ಮಿಕ್ಸಿ, ಫ್ಯಾನು ರಿಪೇರಿ ಮಾಡುವವನು. ಈ ಕಪ್ಪು-ಬಿಳುಪು ಚಿತ್ರವನ್ನು ವಾರಕ್ಕೆಂದು ಒಯ್ದು, ತಿಂಗಳುಗಟ್ಟಲೆ ಇವತ್ತು ನಾಳೆ ಅಂತ ಸತಾಯಿಸಿ, ಮೊನ್ನೆಯಷ್ಟೇ ತಂದುಕೊಟ್ಟಿದ್ದ. ಆಗಲೇ ಚನ್ನವೀರನಿಗೆ ಒಂದು ಥರಾ ಆಗಿತ್ತು.

ಹೆಂಡತಿ ಶಿವಕುಮಾರಿಗೆ ಈ ಗೋಳು ಅರ್ಥವಾಗಲಿಲ್ಲ. “ಮೊದಲಿಗಿಂತ ಚಲೋ ಕಾಣಾಕತ್ತೈತಿ ಅಂದ್ರ ಖುಷಿ ಪಡಬೇಕ್ರೀ, ಹಿಂಗ್ಯಾಕ ಮಾರಿ ಸಣ್ಣ ಮಾಡೀರಿ?” ಎಂದಳು. ಚಲೋ ಕಾಣುವುದೇ ತಕರಾರು ಎಂದು ಇವನು ವಿವರಿಸಿದ. ಈಗ ಕಂಪ್ಯೂಟರಿಗೆ ಹಾಕಿ ಗೆರೆ, ಕಲೆ ಎಲ್ಲ ತೊಳೆಯುತ್ತಾರೆ. ತೊಳೆದದ್ದನ್ನು ಕನಕರಾಜ ಬೇರೆ ಟೇಪಿಗೆ ಇಳಿಸಿ ಇವನ ಡಬ್ಬಿಯಲ್ಲಿ ತುಂಬಿ ಕೊಟ್ಟಿದ್ದಾನೆ, ಅಸಲಿಯನ್ನು ನುಂಗಿದ್ದಾನೆ. ಇಷ್ಟು ಲೆಕ್ಕ ಹಾಕಿದ ಮೇಲೆ ಊಟ ಸೇರಲಿಲ್ಲ. ಕ್ಯಾಸೆಟ್ ಹೋಯಿತೆಂಬ ಸಂಕಟ ಒಂದು ಕಡೆ; ಇಷ್ಟು ವರ್ಷ ಒಂದೇ ಗಂಗಾಳದಲ್ಲಿ ಉಂಡವನು ಹೀಗೆ ಮಾಡಿದನಲ್ಲ ಎಂಬ ಸಂಕಟ ಅದಕ್ಕಿಂತ ದೊಡ್ಡದು. ಮರುದಿನ ಅಂಗಡಿಯ ಬಾಗಿಲನ್ನೇ ತೆಗೆಯದೆ, ಕ್ಯಾಸೆಟ್ಟನ್ನು ಚೀಲಕ್ಕೆ ಹಾಕಿಕೊಂಡು ಮಸ್ಕಿ ಬಸ್ಸು ಹತ್ತಿದ.

ಕನಕರಾಜನ ಅಂಗಡಿ ಮನೆಗೆ ಹೊಂದಿಕೊಂಡೇ ಇತ್ತು. ಒಳಗೆ ಕಾಲಿಡುತ್ತಲೇ ಚನ್ನವೀರನ ಕಣ್ಣು ಗೋಡೆಯ ಹಲಗೆಯ ಮೇಲೆ ಹೋಯಿತು. ಭಾನುವಾರದ ಧಾರಾವಾಹಿಯ ಕ್ಯಾಸೆಟ್ಟುಗಳು, ಕನಕರಾಜ ಯಾರಿಗೂ ಮುಟ್ಟಗೊಡದ ಪೂರ್ತಿ ಸೆಟ್ಟು, ಅಲ್ಲಿರಲಿಲ್ಲ. ಹಲಗೆ ಬೋಳಾಗಿತ್ತು. ಹಾಗಾದರೆ ಮಾರಾಟವೇ ಶುರುವಾಗಿದೆ, ತನ್ನದೂ ಅದರ ಜೊತೆ ಹೋಗಿದೆ! ಕೇಳಿದ್ದಕ್ಕೆ ಕನಕರಾಜ ಅದನ್ನು ಬೇಕಾದವರಿಗೆ ಕೊಟ್ಟೆ ಎಂದು ಮಾತು ತೇಲಿಸಿದ. ಹಾಡಿನ ಸುದ್ದಿ ತೆಗೆದರೆ, ಟೇಪು ಒರೆಸಿದ್ದೆ, ಅದಕ್ಕೇ ನಿಚ್ಚಳ ಆಗಿರಬೇಕು ಎಂದ. ಮಡಿಚಿದ ಟೇಪು ಒರೆಸಿದರೆ ನೆಟ್ಟಗಾಗುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತು. ಚನ್ನವೀರನ ಮೈ ಉರಿದುಹೋಯಿತು.

“ನನ್ನ ಅಸಲಿ ನನಗ ಕೊಡು ಕನಕಾ. ಇಲ್ಲಾಂದ್ರ ಅದನ್ನ ಬದಲಿ ಮಾಡಿಲ್ಲ ಅಂತ ಭಂಡಾರ ಮುಟ್ಟಿ ಹೇಳು.”

ಆ ಮನೆಯಲ್ಲಿ ಮನೆದೇವರು ಬೀರಪ್ಪನ ಭಂಡಾರ ಮುಟ್ಟಿ ಆಣೆ ಮಾಡುವುದು ಆಟದ ಮಾತಲ್ಲ. ಕನಕರಾಜನ ಹೆಂಡತಿ ಭಾಗ್ಯ ಒಳಗಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ದೇವರ ಮುಂದಿನ ಭಂಡಾರದ ಬಟ್ಟಲನ್ನು, ಅರಿಶಿನ ಪುಡಿ ತುಂಬಿದ್ದ ಹಾಗೆಯೇ, ತಂದು ಇಬ್ಬರ ನಡುವೆ ಇಟ್ಟಳು. ಕನಕರಾಜ ಕೈ ಚಾಚಿದ, ಬಟ್ಟಲಿನ ತನಕ ಒಯ್ದು ಹಿಂದಕ್ಕೆ ತೆಗೆದುಕೊಂಡ. ಕಳ್ಳ ಸಿಕ್ಕಿಬಿದ್ದ ಎಂದು ಚನ್ನವೀರ ಅಂದುಕೊಂಡ, ಅಂದುಕೊಂಡದ್ದು ನಿಜವಾಯಿತಲ್ಲ ಎಂದು ಕಣ್ಣು ತುಂಬಿ ಬಂತು.

ಕನಕರಾಜ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲ ತಂದು ಸುರಿದ. ಕಂದು ಟೇಪಿನ ಸಿಕ್ಕು. ನುಜ್ಜಾಗಿ, ಅಲ್ಲಲ್ಲಿ ತುಂಡಾಗಿ, ಎರಡು ಗಾಲಿಗಳ ನಡುವೆ ಒದ್ದಾಡಿ ಸತ್ತ ಹಾವಿನಂತೆ ಬಿತ್ತು.

“ಬದಲಿ ಮಾಡೀನಿ, ಖರೆ. ನನ್ನ ವಿಸಿಆರ್ ಇದನ್ನ ತಿಂದುಬಿಟ್ಟಿತು. ಹೇಳಿದ್ರ ನೀ ಸಂಕಟಪಡ್ತಿ ಅಂತ ಹೇಳಲಿಲ್ಲ.”

ಉಳಿದದ್ದನ್ನು ಭಾಗ್ಯ ಹೇಳಿದಳು. ಆ ದಿನದಿಂದ ಇವರು ತುತ್ತು ಸರಿಯಾಗಿ ಉಂಡಿರಲಿಲ್ಲವಂತೆ. ಊರೂರು ಅಲೆದು, ಕೊನೆಗೆ ಹಿಂದೆ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದ ಲಿಂಗಸುಗೂರಿನ ದಸ್ತಗೀರ್‌ಸಾಬ್ ಬಳಿ ಅದೇ ಚಿತ್ರ, ಹೆಚ್ಚು ಓಡಿಸದೆ ಇಟ್ಟದ್ದು, ಸಿಕ್ಕಿತ್ತು. ಸಾಬರು ದುಡ್ಡು ಬೇಡ, ಭಾನುವಾರದ ಸೆಟ್ಟು ಕೊಡು ಎಂದು ಹಟ ಹಿಡಿದರು. ಇವರು ಮಾರನೆಯ ದಿನವೇ ಗೋಣಿಚೀಲದಲ್ಲಿ ತುಂಬಿಕೊಂಡು ಹೋಗಿ ಕೊಟ್ಟುಬಂದರು. ಆ ಟೇಪನ್ನು ಚನ್ನವೀರನ ಡಬ್ಬಿಗೆ ಹಾಕಿದ್ದು ಅವನಿಗೆ ಗೊತ್ತಾಗದಿರಲಿ ಎಂದಷ್ಟೇ. “ಕಳ್ಳ ಅನ್ನಿಸ್ಕೊಳ್ಳಾಕೂ ತಯಾರ್ ಇದ್ರು ಅಣ್ಣಾರ, ಭಂಡಾರ ಮುಟ್ಟಿ ಸುಳ್ಳು ಹೇಳಾಕ ಆಗಲಿಲ್ಲ,” ಎಂದು ಬಟ್ಟಲೆತ್ತಿಕೊಂಡು ಒಳಗೆ ಹೋದಳು.

ಕನಕರಾಜ ಚನ್ನವೀರನ ಚೀಲದಿಂದ ಕ್ಯಾಸೆಟ್ ತೆಗೆದು, ಮೇಜಿನ ಮೇಲೆ ಬೋರಲು ಹಾಕಿ, ಸ್ಕ್ರೂ ಒಂದೊಂದಾಗಿ ಬಿಚ್ಚಿದ. ಒಳಗಿನ ಒಳ್ಳೆಯ ಟೇಪನ್ನು ಎತ್ತಿ ಪಕ್ಕಕ್ಕಿಟ್ಟ. ನೆಲದ ಮೇಲಿನ ಸಿಕ್ಕನ್ನು ಬಾಚಿ ಆ ಜಾಗದಲ್ಲಿ ತುರುಕತೊಡಗಿದ.

“ಬ್ಯಾಡೋ ಕನಕಾ, ಅದ ಇರಲಿ,” ಎಂದು ಚನ್ನವೀರ ಅವನ ಕೈ ಹಿಡಿದ.

ಕನಕರಾಜ ಮೆಲ್ಲಗೆ ಕೈ ಬಿಡಿಸಿಕೊಂಡು ಕೊನೆಯ ಸ್ಕ್ರೂ ಬಿಗಿದು ಕ್ಯಾಸೆಟ್ಟನ್ನು ಅವನ ಕೈಗಿತ್ತ.

“ನೀ ಕೇಳಾಕ ಬಂದಿದ್ದು ಅಸಲಿ.”